ಹತ್ತರಲ್ಲಿ ಆರು

ಕುತಾಯಿಸಿಯ ಹಸಿರು ಸಂತೆಯ ಹಿಂದೆ,
ಬೀಗ ರಿಪೇರಿಯವನಿಗೂ ಹಲ್ಲಿನ ಡಾಕ್ಟರಿಗೂ ನಡುವೆ
ನನ್ನ ಅಂಗಡಿ. ಬೋರ್ಡಿನಲ್ಲಿ ಎತೇರಿ ಎಂದಷ್ಟೇ ಉಳಿದಿದೆ,
ಮಿಕ್ಕ ಅಕ್ಷರಗಳನ್ನು ಬಿಸಿಲು ತಿಂದಿದೆ.
ಜನ ಹಳೆಯ ಕ್ಯಾಸೆಟ್ ತರುತ್ತಾರೆ
ಅಕ್ರೋಟಿನ ಚೀಲದಲ್ಲಿ, ಉಣ್ಣೆಯ ಕಾಲುಚೀಲದಲ್ಲಿ,
ಒಬ್ಬಳಂತೂ ರೊಟ್ಟಿಯ ಜೊತೆಗೇ ಬಟ್ಟೆಯಲ್ಲಿ ಸುತ್ತಿ ತಂದಳು,
ಮುಟ್ಟಿದರೆ ಇನ್ನೂ ಬೆಚ್ಚಗಿತ್ತು.
ಎಲ್ಲವನ್ನೂ ಫೈಲು ಮಾಡಿ ಕೊಡುತ್ತೇನೆ.

ನೂರಹದಿನೇಳು. ಯಾರೋ ಹುಡುಗಿ ಕೊಟ್ಟು ಹೋದದ್ದು,
ಚೀಟಿಯಲ್ಲಿ ಹೆಸರಿಲ್ಲ.
ತೊಂಬತ್ತೊಂದರ ಚಳಿಗಾಲ, ಜೋಡು ಹೊಲಿಯುವವನ ಮಳಿಗೆ.
ಮೊದಲ ಐದು ನಿಮಿಷ ಎಲ್ಲ ಸರಿ:
ಒಬ್ಬ ಅತ್ತೆ ಲೋಟ ಎತ್ತಿ ಹರಸುತ್ತಾಳೆ,
ಅವಳ ಮಾತು ಅವಳ ಬಾಯಲ್ಲೇ ಇದೆ.
ಹದಿನೈದಕ್ಕೆ ಕೂದಲೆಳೆಯಷ್ಟು ಬಿರುಕು.
ಮೂವತ್ತೆಂಟಕ್ಕೆ
ಎತ್ತು ಏರಿಗೆ, ಕೋಣ ನೀರಿಗೆ.
ಜೋಡಿನವನು ಮೂಲೆಯ ಮಗುವಿನ ಕಡೆ ತಿರುಗಿ
ತುಟಿ ಕೂಡಿಸಿ, ಬಿಟ್ಟು, ಕೂಡಿಸಿ ಏನೋ ಅನ್ನುತ್ತಾನೆ.
ಎರಡೇ ಅಕ್ಷರ, ಯಾವುದೋ ಹೆಸರು.
ಅದು ಪೂರಾ ಒಂದು ಸೆಕೆಂಡು ತಡವಾಗಿ
ಹೊರಗಿನಿಂದ ಬಂದ ಹಾಗೆ ಬರುತ್ತದೆ,
ಮೈಮೇಲಿನ ಹಿಮ ಕೊಡವಿಕೊಂಡು.

ಇದು ನನ್ನ ದಿನದ ಕೂಲಿ.
ಟೇಪಿಗೆ ತನ್ನದೊಂದು ನಡಿಗೆ, ಯಂತ್ರಕ್ಕೆ ತನ್ನದು.
ಅಲ್ಲೊಂದು ಇಲ್ಲೊಂದು ಫ್ರೇಮ್ ಎಡವಿ ಬಿದ್ದರೆ
ಬಿದ್ದವರನ್ನು ಎಣಿಸದೆ ಚಿತ್ರ ಮುಂದೆ ಹೋಗುತ್ತದೆ;
ಸದ್ದು ಮಾತ್ರ ಪೈಸೆ ಪೈಸೆ ಲೆಕ್ಕ ಒಪ್ಪಿಸುತ್ತ
ಹಿಂದೆ ಉಳಿಯುತ್ತದೆ.
ಅದರ ಪಟ್ಟಿಯನ್ನು ತುಸುವೇ ಕುಗ್ಗಿಸಬೇಕು,
ಎರಡು ಸಾವಿರ ಚಿಲ್ಲರೆ ಸೆಕೆಂಡಿನಲ್ಲಿ ಒಂದೇ ಒಂದನ್ನು,
ಯಾರ ದನಿಯೂ ಕೀರಲಾಗದ ಹಾಗೆ.

ಕುಗ್ಗಿಸಿದೆ. ಮಾತು ತುಟಿಗೆ ಕೂತಿತು,
ಗುಂಡಿ ಕಾಜಕ್ಕೆ ಕೂತ ಹಾಗೆ.
ಚಹಾ ಮಾಡಿಕೊಂಡೆ. ಸುಮ್ಮನೆ ಮುಂದಕ್ಕೆ ಓಡಿಸಿದೆ.
ಅವನು ಸುತ್ತಿಗೆ ಎತ್ತಿದ.
ಪೆಟ್ಟು ಬೀಳುವ ಮೊದಲೇ
ಸದ್ದು ಬಂತು.

ಚಹಾ ಆರಿತು. ಆ ರಾತ್ರಿ ಇಪ್ಪತ್ತೊಂದು ಪೆಟ್ಟು ಎಣಿಸಿದೆ.
ಸುತ್ತಿಗೆ ಕೇಳಿದ್ದು ಹತ್ತರಲ್ಲಿ ನಾಲ್ಕು.
ತಟ್ಟೆಗೆ ತಾಗಿದ ಚಮಚ ಕೇಳಿದ್ದು ನಾಲ್ಕು.
ಗಾಳಿಗೆ ಬಡಿದ ಬಾಗಿಲು, ಅತ್ತೆಯ ಕೆಮ್ಮು, ನಾಲ್ಕು.
ಅವನ ಬಾಯೊಂದೇ
ಹತ್ತಕ್ಕೆ ಹತ್ತೂ ಬೇಕು ಎನ್ನುತ್ತದೆ.
ಯಂತ್ರವನ್ನು ಬೈದೆ. ತಲೆ ಸವೆದಿದೆ ಅಂದುಕೊಂಡೆ,
ಅದರದ್ದೋ ನನ್ನದೋ. ದೀಪ ಆರಿಸಿ ಮಲಗಿದೆ.

ಬೆಳಿಗ್ಗೆ ಗಿರಾಕಿ ಬಂದ. ನಲವತ್ತರ ಆಸುಪಾಸು,
ಕೋಟಿನ ತೋಳಿಗೆ ಸಿಮೆಂಟು ಮೆತ್ತಿದೆ.
ನೂರಹದಿನೇಳರ ಚೀಟಿ ಮೇಜಿನ ಮೇಲಿಟ್ಟ.
ಹೆಸರು ಹೇಳಿ, ರಸೀದಿಗೆ, ಎಂದೆ.

ತುಟಿ ಕೂಡಿತು.
ಬಿಟ್ಟಿತು. ಕೂಡಿತು.
ಗೋಡೆಯಾಚೆ ಯಾರದೋ ಹಲ್ಲು ಕೊರೆಯುತ್ತಿದ್ದರು.
ನನ್ನ ಪೆನ್ನು ತಾನಾಗಿ ಮೇಲೆದ್ದಿತ್ತು,
ಮೂವತ್ತು ವರ್ಷದ ಚಾಳಿ, ತಡವಾದದ್ದನ್ನು ಎಳೆದು ತರುವುದು.
ಅದನ್ನು ಕೆಳಗಿಟ್ಟೆ.
ಅವನು ನನ್ನ ಕಣ್ಣು ಬಿಟ್ಟು ಗೋಡೆಯ ಕ್ಯಾಲೆಂಡರ್ ನೋಡಿದ,
ಆಳದ ಬಾವಿಯಿಂದ ನೀರು ಸೇದುವವನ ಹಾಗೆ.
ಬದ್ರಿ, ಎಂದ.

ಕೂತಿರಿ, ಎಂದೆ, ಇನ್ನೂ ಸ್ವಲ್ಪ ಕೆಲಸ ಉಳಿದಿದೆ.

ಒಳಗೆ ಹೋಗಿ ನಿನ್ನೆಯದನ್ನು ಬಿಚ್ಚಿದೆ.
ನಾಲ್ಕು ಯಂತ್ರದ್ದು, ತೆಗೆದೆ.
ಆರು ಅವನಪ್ಪನದು. ಅದು ಕೆಟ್ಟಿರಲಿಲ್ಲ.

ಅವನು ನಿಂತೇ ನೋಡಿದ.
ಸುತ್ತಿಗೆ ಇಳಿಯಿತು, ಮೊಳೆ ಇದ್ದಲ್ಲೇ ಸದ್ದಾಯಿತು.
ಜೋಡಿನವನು ಮೂಲೆಯ ಕಡೆ ತಿರುಗಿದ,
ಬಾಯಿ ಮುಂದೆ, ದನಿ ಇನ್ನೂ ದಾರಿಯಲ್ಲಿ.
ಆ ಸಂದಿನಲ್ಲಿ ಇವನ ತುಟಿಯೂ ಕೂಡಿತ್ತು.

ದುಡ್ಡು ಎಷ್ಟು ಎಂದು ಕೇಳಲು
ಅವನಿಗೆ ಬಹಳ ಹೊತ್ತು ಹಿಡಿಯಿತು.
ನನಗೂ ಏನೂ ಆತುರವಿರಲಿಲ್ಲ.